ಕಡಲಿಗೆ ಹೊರಡುವ ಮುಂಚೆ ತಿಥಿ ನೋಡಿ

ತುಮಕೂರು, ಶಿರಾ, ಚಿಕ್ಕಬಳ್ಳಾಪುರ, ಮುಳಬಾಗಿಲು ಕಡೆಯವರಿಗೆ ಕರಾವಳಿ ಪ್ರವಾಸ ಅಂದರೆ ಮೊದಲು ಕಣ್ಣು ಹೋಗುವುದು ಕ್ಯಾಲೆಂಡರಿನ ಕೆಂಪು ಅಂಕಿಗಳ ಮೇಲೆ. ಶನಿವಾರ ಭಾನುವಾರಕ್ಕೆ ಒಂದು ಹಬ್ಬದ ರಜೆ ಅಂಟಿಕೊಂಡರೆ ಸಾಕು, ಟೆಂಪೋ ಟ್ರಾವೆಲರ್ ಬುಕ್ ಆಗುತ್ತದೆ. ದೇವಸ್ಥಾನ, ಬೀಚು, ಮೀನೂಟಕ್ಕೆ ಅಷ್ಟು ಸಾಕು. ಕಾರವಾರದಲ್ಲಿ ಬೋಟು ಹತ್ತಿ ಡಾಲ್ಫಿನ್ ನೋಡಬೇಕು ಅನ್ನುವವರು ಮಾತ್ರ ಆ ಅಂಕಿಯ ಕೆಳಗೆ ಸಣ್ಣಕ್ಷರದಲ್ಲಿ ಅಚ್ಚಾಗಿರುವ ತಿಥಿಯನ್ನೂ ಓದಿಕೊಳ್ಳಬೇಕು. ಕೆರೆಯಲ್ಲಿ ಪೆಡಲ್ ಬೋಟು ತುಳಿದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಬೆಳಿಗ್ಗೆ ಏಳಕ್ಕೆ ಇದ್ದ ನೀರಿನ ಮಟ್ಟ ಹನ್ನೊಂದಕ್ಕೆ ಇರುವುದಿಲ್ಲ, ಹರಿವಿನ ದಿಕ್ಕೂ ಬದಲಾಗಿರುತ್ತದೆ, ಗಾಳಿಯಂತೂ ಪೂರಾ ತಿರುಗಿರುತ್ತದೆ.

ಕಾರವಾರದಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದು ಉಬ್ಬರಕ್ಕೂ ಮುಂದಿನದಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ನೀರು ತುಂಬಿ ನಿಂತ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಕಳೆದ ಒಂದೆರಡು ದಿನ ಏರಿಳಿತ ಅತಿ ಜೋರು, ಹತ್ತಿರ ಹತ್ತಿರ ಎರಡು ಮೀಟರ್. ಅಷ್ಟಮಿ ನವಮಿ ಹೊತ್ತಿಗೆ ಅದು ಅರ್ಧದಷ್ಟಕ್ಕೆ ಬರುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ದಿನ ಕಾರವಾರದ ಕಡೆ ಹಗಲಿನ ಉಬ್ಬರ ತುದಿ ಮುಟ್ಟುವುದು ಹೆಚ್ಚುಕಡಿಮೆ ಹನ್ನೊಂದರಿಂದ ಹನ್ನೆರಡರೊಳಗೆ. ಅಂದರೆ ಅವತ್ತು ಬೆಳಿಗ್ಗೆ ಏಳರ ಬೋಟು ಏರುವ ನೀರಿನಲ್ಲಿ ಹೊರಡುತ್ತದೆ, ಮಧ್ಯಾಹ್ನ ಎರಡರ ಬೋಟು ಇಳಿಯುವ ನೀರಿನಲ್ಲಿ. ಅಷ್ಟಮಿಯ ದಿನ ಇದು ತಿರುಗುಮುರುಗು. ಇಷ್ಟು ಅಂದಾಜು ತಲೆಯಲ್ಲಿದ್ದರೆ ಸಾಕು. ಆ ದಿನದ ಖಚಿತ ಹೊತ್ತಿಗೆ ಕಾರವಾರದ ಉಬ್ಬರ ಇಳಿತದ ಪಟ್ಟಿಯನ್ನು ಫೋನಿನಲ್ಲಿ ನೋಡಿಕೊಳ್ಳಬಹುದು.

ಇಷ್ಟೆಲ್ಲ ಯಾಕೆ ಅಂದರೆ ಅಳಿವೆಯ, ಅಂದರೆ ನದಿ ಕಡಲಿಗೆ ಸೇರುವ ಬಾಯಿಯ, ಕಾರಣಕ್ಕೆ. ಕಾಳಿ, ಶರಾವತಿ, ಅಘನಾಶಿನಿ ಎಲ್ಲವೂ ಕಡಲಿಗೆ ಸೇರುವಲ್ಲಿ ಮರಳಿನ ದಿಬ್ಬ ಕಟ್ಟುತ್ತವೆ. ನದಿಯೊಳಗಿಂದ ಹೊರಡುವ ಬೋಟು ಆ ದಿಬ್ಬದ ಪಕ್ಕದ ಆಳದ ಹಾದಿ ಹಿಡಿದು ಆಚೆ ಹೋಗಬೇಕು. ನೀರು ಇಳಿಯುತ್ತಿರುವಾಗ ನದಿಯ ನೀರೂ ಉಬ್ಬರದಲ್ಲಿ ಒಳಗೆ ಬಂದ ನೀರೂ ಒಟ್ಟಿಗೆ ಹೊರಗೆ ನುಗ್ಗುತ್ತವೆ. ಎದುರಿನಿಂದ ಕಡಲ ಅಲೆ ಬರುತ್ತಿರುತ್ತದೆ. ಎರಡೂ ಮುಖಾಮುಖಿಯಾದಲ್ಲಿ ಅಲೆಯ ಉದ್ದ ಕುಗ್ಗಿ ಎತ್ತರ ಹೆಚ್ಚುತ್ತದೆ, ದಿಬ್ಬದ ಮೇಲೆ ನೀರಿನ ಆಳವೂ ಕಡಿಮೆಯಾಗಿ ಅಲೆ ಒಡೆಯತೊಡಗುತ್ತದೆ. ಇದಕ್ಕೆ ಮಧ್ಯಾಹ್ನದ ಕಡಲಗಾಳಿ ಸೇರಿದರೆ ಇನ್ನೂ ಕಷ್ಟ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ ಅಳಿವೆ ದಾಟಲು ದಿನದ ಅತಿ ಕೆಟ್ಟ ಹೊತ್ತು ಅನ್ನುವುದು ಈ ಲೆಕ್ಕದಿಂದಲೇ. ಊಟ ಮುಗಿಸಿ ಆರಾಮಾಗಿ ಬೋಟಿಗೆ ಹೋಗೋಣ ಅನ್ನುವ ಗುಂಪುಗಳು ಬರುವುದೂ ಸರಿಯಾಗಿ ಅದೇ ಹೊತ್ತಿಗೆ.

ಗಾಳಿಯದ್ದು ಇನ್ನೂ ಸುಲಭದ ಲೆಕ್ಕ. ಅಕ್ಟೋಬರಿನಿಂದ ಫೆಬ್ರವರಿವರೆಗೆ ರಾತ್ರಿ ನೆಲ ತಣ್ಣಗಾಗಿ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಮೆಲ್ಲಗೆ ಬೀಸುತ್ತಿರುತ್ತದೆ, ಬೆಳಗಿನ ನೀರು ಸಪಾಟಾಗಿರುತ್ತದೆ. ಹತ್ತು ಹನ್ನೊಂದರ ಹೊತ್ತಿಗೆ ನೆಲ ಕಾದು ಗಾಳಿ ತಿರುಗುತ್ತದೆ, ಮಧ್ಯಾಹ್ನದ ಮೇಲೆ ಜೋರಾಗುತ್ತದೆ. ಬೆಳಿಗ್ಗೆ ಡಾಲ್ಫಿನ್ ಜಾಸ್ತಿ ಇರುತ್ತವೆ ಅಂತ ಬಹಳ ಜನ ಹೇಳುತ್ತಾರೆ. ಅವು ಮಧ್ಯಾಹ್ನವೂ ಅಲ್ಲೇ ಇರುತ್ತವೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಅಲೆಯ ತಲೆಯ ಮೇಲೆಲ್ಲ ಬಿಳಿ ನೊರೆ ಎದ್ದ ಮೇಲೆ ಒಂದು ಗೇಣು ಎತ್ತರದ ರೆಕ್ಕೆಯನ್ನು ನೂರು ಮೀಟರಿನಿಂದ ಗುರುತಿಸುವುದು ಪಳಗಿದ ಕಣ್ಣಿಗೂ ಕಷ್ಟ. ಏಳರಿಂದ ಒಂಬತ್ತೂವರೆ ಒಳಗೆ ಹೋಗಿಬರುವ ಬೋಟನ್ನೇ ಹಿಡಿಯಿರಿ.

ಮಳೆಗಾಲದ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ಪ್ರವಾಸಿ ಬೋಟುಗಳು ಅದಕ್ಕೂ ಮುಂಚೆ ನಿಂತು, ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಮತ್ತೆ ಶುರುವಾಗುತ್ತವೆ. ಮಕ್ಕಳ ಬೇಸಿಗೆ ರಜೆಗೆ ಹೋಗುವವರು ಒಂದು ಸಂಗತಿ ಗಮನಿಸಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಕೆಲವು ದಿನ ಬಿಸಿಲು ಚೆನ್ನಾಗಿರುತ್ತದೆ, ಗಾಳಿಯೂ ಇರುವುದಿಲ್ಲ, ಆದರೂ ದೊಡ್ಡ ಅಲೆಗಳು ದಡಕ್ಕೆ ಬಂದು ಬಡಿಯುತ್ತವೆ. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಅಲೆಗಳು ಅವು. ಹೈದರಾಬಾದಿನ ಕಡಲ ಮಾಹಿತಿ ಸಂಸ್ಥೆ ಇನ್ಕಾಯ್ಸ್ (INCOIS) ಇಂಥವಕ್ಕೆ ಮುನ್ನೆಚ್ಚರಿಕೆ ಹೊರಡಿಸುತ್ತದೆ. ಹಿಂದಿನ ದಿನ ಸಂಜೆ ಅದನ್ನೊಮ್ಮೆ ನೋಡುವುದು ಐದು ನಿಮಿಷದ ಕೆಲಸ.

ನಮ್ಮ ಕಡೆಯಿಂದ ದಾರಿ ಕಷ್ಟದ್ದೇನಲ್ಲ. ಹೊನ್ನಾವರದಲ್ಲಿ ಹುಟ್ಟುವ ರಾಷ್ಟ್ರೀಯ ಹೆದ್ದಾರಿ 69 ಸಾಗರ, ಶಿವಮೊಗ್ಗ, ಕಡೂರು, ಹುಳಿಯಾರು, ಶಿರಾ, ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ ಹಾದು ಮುಳಬಾಗಿಲಿಗೆ ಬರುತ್ತದೆ. ತುಮಕೂರಿನಿಂದ ತಿಪಟೂರು, ಅರಸೀಕೆರೆ ಮೇಲೆ ಹೋಗಿ ಕಡೂರಿನ ಹತ್ತಿರ ಅದನ್ನು ಹಿಡಿದರೆ ಹೊನ್ನಾವರಕ್ಕೆ ಸುಮಾರು 360 ಕಿ.ಮೀ., ಅಲ್ಲಿಂದ ಕಾರವಾರಕ್ಕೆ ಇನ್ನೊಂದು 90. ಬೆಂಗಳೂರಿನಿಂದ ಕುಣಿಗಲ್, ಹಾಸನ ಮೇಲೆ ಕಾರವಾರಕ್ಕೆ ರಾತ್ರಿ ರೈಲೂ ಇದೆ. ಕಷ್ಟ ಎಲ್ಲಿ ಅಂದರೆ ರಾತ್ರಿಯಿಡೀ ಗೇರುಸೊಪ್ಪೆ ಘಟ್ಟದ ತಿರುವುಗಳಲ್ಲಿ ಓಲಾಡಿ, ನಿದ್ದೆಗೆಟ್ಟು, ಬೆಳಿಗ್ಗೆ ಆರಕ್ಕೆ ಇಳಿದು ನೇರವಾಗಿ ಬೋಟಿಗೆ ಹೋಗುವುದರಲ್ಲಿ. ಅರ್ಧ ಗಂಟೆಯೊಳಗೆ ಗುಂಪಿನಲ್ಲಿ ನಾಲ್ಕು ಜನ ಅಂಚಿಗೆ ತಲೆ ಬಾಗಿಸಿ ಕೂತಿರುತ್ತಾರೆ. ಹಿಂದಿನ ದಿನ ಸಂಜೆಯೇ ತಲುಪಿ ಮಲಗಿ ಎದ್ದು ಹೋಗುವುದು ಸರಿ. ಒಂದು ರಾತ್ರಿಯ ರೂಮಿನ ಬಾಡಿಗೆ ಉಳಿಸಲು ಹೋಗಿ ಇಡೀ ಟ್ರಿಪ್ಪೇ ಕೆಡುವುದು ಬೇಡ.

ವಾಂತಿಯ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ಒಳಗಿವಿ ಓಲಾಟ ಹೇಳುತ್ತಿರುವಾಗ ಕಣ್ಣು ಅಲುಗಾಡದ ಫೋನಿನ ಪರದೆ ನೋಡುತ್ತಿದ್ದರೆ ಮಿದುಳಿಗೆ ಗೊಂದಲ. ತಲೆಸುತ್ತು ಶುರುವಾಗುವುದು ಅಲ್ಲಿಂದ. ಬೋಟಿನ ನಡುಭಾಗಕ್ಕಿಂತ ಸ್ವಲ್ಪ ಹಿಂದೆ, ಡೀಸೆಲ್ ಹೊಗೆ ಬಾರದ ಕಡೆ ಕೂತು ದೂರದ ಬಾನಂಚು ನೋಡುತ್ತಿರಬೇಕು. ಖಾಲಿ ಹೊಟ್ಟೆಯೂ ಕೂಡದು, ತುಂಬಿದ ಹೊಟ್ಟೆಯೂ ಕೂಡದು. ಹೊರಡುವ ಒಂದೂವರೆ ಗಂಟೆ ಮುಂಚೆ ಎರಡು ಇಡ್ಲಿ ಸಾಕು. ತಟ್ಟೆ ಇಡ್ಲಿಗೆ ಬೆಣ್ಣೆ ಹಾಕಿಸಿಕೊಳ್ಳುವ ನಮ್ಮ ಅಭ್ಯಾಸಕ್ಕೆ ಆ ಒಂದು ಬೆಳಿಗ್ಗೆ ರಜೆ ಕೊಡಿ. ಮಾತ್ರೆ ನುಂಗುವವರು ತಲೆಸುತ್ತು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಅರ್ಧದಿಂದ ಒಂದು ಗಂಟೆ ಮುಂಚೆ ತೆಗೆದುಕೊಳ್ಳಬೇಕು, ನಿದ್ದೆ ಬರುವುದರಿಂದ ಡ್ರೈವರ್ ಅದನ್ನು ಮುಟ್ಟಬಾರದು. ಗರ್ಭಿಣಿಯರು, ಗ್ಲಾಕೋಮಾ ಇರುವವರು, ಸಣ್ಣ ಮಕ್ಕಳ ವಿಷಯದಲ್ಲಿ ಊರಿನಲ್ಲೇ ಡಾಕ್ಟರನ್ನು ಕೇಳಿಕೊಂಡು ಹೊರಡಿ.

ಇನ್ನು ಬೋಟು. ದಡದಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ. ಒಂದು, ಎಂಟು ಹತ್ತು ಜನ ಕೂರುವ ಫೈಬರ್ ಸ್ಪೀಡ್ ಬೋಟು, ಹಿಂದುಗಡೆ ನೇತುಹಾಕಿದ ಪೆಟ್ರೋಲ್ ಎಂಜಿನ್. ಇನ್ನೊಂದು, ಒಳಗೇ ಡೀಸೆಲ್ ಎಂಜಿನ್ ಇರುವ, ಮೀನುಗಾರಿಕೆಯ ದೋಣಿಯ ಜಾತಿಯದ್ದು. ನಿಧಾನ, ಭಾರ, ಚಾವಣಿ ಇರುತ್ತದೆ. ನಮ್ಮವರು ಸ್ಪೀಡ್ ಬೋಟಿಗೇ ಮುಗಿಬೀಳುತ್ತಾರೆ. ಪ್ರಾಣಿ ನೋಡಲು ಹೋಗುವವರಿಗೆ ನಿಧಾನದ್ದೇ ಮೇಲು. ಅದು ಅಲೆಯನ್ನು ಸೀಳಿಕೊಂಡು ಹೋಗುತ್ತದೆ. ಸ್ಪೀಡ್ ಬೋಟು ಅಲೆಯಿಂದ ಅಲೆಗೆ ಬಡಿದುಕೊಂಡು ಹೋಗುತ್ತದೆ. ಆ ಬಡಿತ ಅತಿ ಹೆಚ್ಚು ತಾಗುವುದು ಮುಂಭಾಗದ ಸೀಟಿಗೆ. ಬೆನ್ನುನೋವು ಇರುವವರು, ವಯಸ್ಸಾದವರು ಅಲ್ಲಿ ಕೂರಲೇಬಾರದು, ಬಸುರಿಯರು ಆ ಬೋಟನ್ನೇ ಹತ್ತಬಾರದು.

ಹತ್ತುವ ಮುಂಚೆ ಬೋಟಿನ ಮೈಮೇಲೆ ನೋಂದಣಿ ಸಂಖ್ಯೆ, ಎಷ್ಟು ಜನಕ್ಕೆ ಅನುಮತಿ ಅನ್ನುವುದು ಬರೆದಿದೆಯೇ ನೋಡಿ, ತಲೆ ಎಣಿಸಿ. ಮಡಿಲಲ್ಲಿರುವ ಮಗುವೂ ಒಂದು ತಲೆಯೇ. 2019ರ ಜನವರಿ 21, ಪುಷ್ಯ ಮಾಸದ ಹುಣ್ಣಿಮೆ, ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ. ಮರಳಿ ಬರುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಸತ್ತವರಲ್ಲಿ ಮಕ್ಕಳೂ, ದೂರದ ಬಯಲುನಾಡಿನಿಂದ ಬಂದವರೂ ಇದ್ದರು. ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನ ಇದ್ದರೆಂದು ಆಗ ವರದಿಯಾಗಿತ್ತು.

ಪ್ರಾಣಿ ನೋಡುವ ಬೋಟುಗಳಿಗೆ ಇನ್ನೊಂದು ಅಪಾಯ ಇದೆ, ಅದು ಜನರ ಲೆಕ್ಕ ಸರಿಯಾಗಿದ್ದರೂ ಬರುವಂಥದ್ದು. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿ ಜಲಾಶಯದಲ್ಲಿ ಪ್ರವಾಸಿ ಬೋಟು ಮಗುಚಿ 45 ಜನ ಸತ್ತರು. ದಡದಲ್ಲಿ ಕಾಡುಪ್ರಾಣಿ ಕಂಡಿತೆಂದು ಜನ ಒಂದೇ ಬದಿಗೆ ನುಗ್ಗಿದ್ದು ಅದರ ಕಾರಣಗಳಲ್ಲಿ ಒಂದು. 25 ಜನರ ಬೋಟಿನಲ್ಲಿ 12 ಜನ ಎದ್ದು ಎದುರು ಬದಿಗೆ ಬಂದರೆ, ಆಳಿಗೆ 60 ಕೆ.ಜಿ. ಹಿಡಿದರೂ 720 ಕೆ.ಜಿ. ಒಮ್ಮೆಲೇ ಒಂದು ಅಂಚಿಗೆ ಬೀಳುತ್ತದೆ. ನಿಂತವರಿಂದ ಭಾರದ ಕೇಂದ್ರವೂ ಮೇಲೇರುತ್ತದೆ. ‘ಅಲ್ಲಿ ಅಲ್ಲಿ’ ಅಂತ ಯಾರಾದರೂ ಕೂಗಿದ ಕ್ಷಣ ಮಾಡಬೇಕಾದ್ದು ಕೂತಲ್ಲೇ ಕುತ್ತಿಗೆ ತಿರುಗಿಸುವುದು. ಎದುರು ಬದಿಯವರಿಗೆ ಕಾಣಲಿಲ್ಲವೇ, ಬೋಟಿನವರು ಬೋಟನ್ನೇ ತಿರುಗಿಸುತ್ತಾರೆ. ಮನೆಯವರಿಗೆಲ್ಲ ಇದನ್ನು ದಡದಲ್ಲೇ ಹೇಳಿಕೊಟ್ಟಿರಬೇಕು, ನೀರಿನ ಮೇಲೆ ಆ ಸಡಗರದಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಲೈಫ್ ಜಾಕೆಟ್ಟನ್ನು ಸ್ವಲ್ಪ ಹತ್ತಿರದಿಂದ ನೋಡಿ. ಒಳಗಿನ ಫೋಮ್ ಒತ್ತಿ ಬಿಟ್ಟರೆ ಮತ್ತೆ ಉಬ್ಬಬೇಕು. ವರ್ಷಗಟ್ಟಲೆ ಜನ ಅದರ ಮೇಲೆ ಕೂತು ಚಪ್ಪಟೆಯಾಗಿದ್ದರೆ ತೇಲಿಸುವ ಶಕ್ತಿಯೂ ಅಷ್ಟಕ್ಕಷ್ಟೇ. ಬಕಲ್ಲುಗಳು ಟಕ್ ಅಂತ ಕೂರಬೇಕು, ಪಟ್ಟಿಯ ಹೊಲಿಗೆ ಬಿಟ್ಟಿರಬಾರದು. ಒಳಭಾಗದ ಚೀಟಿಯಲ್ಲಿ ಎಷ್ಟು ತೂಕದವರಿಗೆ ಅಂತ ಇರುತ್ತದೆ. ತೇಲಿಸುವ ಬಲ 50 ನ್ಯೂಟನ್ ಅಂತಿದ್ದರೆ ಅದು ಈಜು ಬಲ್ಲವರಿಗೆ ಆಸರೆ ಮಾತ್ರ. ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸಿ ಹಿಡಿಯಲು 100 ನ್ಯೂಟನ್ ಅಥವಾ ಹೆಚ್ಚಿನದು ಬೇಕು. ಹಾಕಿಕೊಂಡ ಮೇಲೆ ಇನ್ನೊಬ್ಬರು ಹಿಂದಿನಿಂದ ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎತ್ತಲಿ. ಜಾಕೆಟ್ಟು ಕಿವಿಯವರೆಗೆ ಬಂದರೆ ಅದು ದೊಡ್ಡದು, ನೀರಿಗೆ ಬಿದ್ದರೆ ತಲೆಯಿಂದ ಕಳಚಿಹೋಗುತ್ತದೆ. ಮಕ್ಕಳಿಗಂತೂ ಕಾಲುಗಳ ನಡುವೆ ಹಾದುಬರುವ ಪಟ್ಟಿ ಇರುವುದನ್ನೇ ಕೇಳಿ. ಸೆರಗು, ದುಪಟ್ಟಾ ಜಾಕೆಟ್ಟಿನ ಒಳಗೆ ಸೇರಿಸಿ ಕಟ್ಟಬೇಕು. ವಾಸನೆ ಬರುತ್ತದೆ ಅಂತ ಕೈಯಲ್ಲಿ ಹಿಡಿದುಕೊಂಡು ಕೂರುವವರಿಗೆ, ತೋಟದ ಬಾವಿಯಲ್ಲಿ ಈಜು ಕಲಿತಿದ್ದೇನೆ ಅನ್ನುವವರಿಗೆ ಹೇಳುವುದಿಷ್ಟೇ: ಬಾವಿಯಲ್ಲಿ ಸೆಳೆತ ಇರುವುದಿಲ್ಲ, ಎಲ್ಲಿ ಮುಳುಗಿದರೂ ನಾಲ್ಕು ಮಾರಿನೊಳಗೆ ಕಲ್ಲಿನ ಮೆಟ್ಟಿಲು ಕೈಗೆ ಸಿಗುತ್ತದೆ.

ಈಗ ಡಾಲ್ಫಿನ್. ಕಾರವಾರದ ದಡದ ಹತ್ತಿರ ಕಾಣುವುದು ಹಿಂದೂ ಮಹಾಸಾಗರದ ಗೂನುಬೆನ್ನಿನ ಡಾಲ್ಫಿನ್. ಬೂದು ಮೈ, ಎರಡೂವರೆ ಮೀಟರಿನ ಆಸುಪಾಸು ಉದ್ದ. ಬೆನ್ನಿನ ನಡುವೆ ಒಂದು ಉಬ್ಬು, ಅದರ ಮೇಲೆ ಚಿಕ್ಕ ರೆಕ್ಕೆ. ಉಸಿರಿಗೆ ಬರುವಾಗ ಉದ್ದನೆಯ ಮೂತಿ ಮೊದಲು ನೀರಿನಿಂದ ಹೊರಗೆ ಬರುತ್ತದೆ, ಆಮೇಲೆ ಉಬ್ಬು ಉರುಳುತ್ತದೆ. ಟಿವಿಯಲ್ಲಿ ನೋಡುವ ಹಾಗೆ ಗಾಳಿಯಲ್ಲಿ ನೆಗೆಯುವುದು ಅಪರೂಪ; ಅದನ್ನೇ ಕಾಯುತ್ತ ಕೂತವರಿಗೆ ನಿರಾಸೆ ಖಂಡಿತ. ಇದು ಆಳ ಕಡಿಮೆ ಇರುವ ದಡದ ನೀರಿನಲ್ಲಿ, ಅದರಲ್ಲೂ ಅಳಿವೆಗಳ ಸುತ್ತ ಬದುಕುವ ಪ್ರಾಣಿ, ಯಾಕೆಂದರೆ ನದಿ ತರುವ ಗೊಬ್ಬರಕ್ಕೆ ಮೀನು ಅಲ್ಲಿ ಜಾಸ್ತಿ. ಬಲೆ, ಬಂದರು, ಬೋಟು, ಕೊಳಕು ನೀರು ಎಲ್ಲವೂ ಇರುವುದೂ ಅಲ್ಲೇ, ಹಾಗಾಗಿ ಜಗತ್ತಿನ ಅಳಿವಿನಂಚಿನ ಪಟ್ಟಿಯಲ್ಲಿ ಇದರ ಹೆಸರಿದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಯ ರಕ್ಷಣೆ ಇದಕ್ಕಿದೆ. ಅಳಿವೆಗೆ ಸಿಹಿನೀರು ಯಾಕೆ ಬೇಕು ಅನ್ನುವುದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ತಿಳಿದಿರಬೇಕಾದ ವಿಷಯವೂ ಹೌದು. ನಮ್ಮ ಶಿಂಷಾ, ಜಯಮಂಗಲಿ ಎರಡರ ನೀರೂ ಕೊನೆಗೆ ಸೇರುವುದು ಪೂರ್ವದ ಬಂಗಾಳ ಕೊಲ್ಲಿಯನ್ನು. ಪಶ್ಚಿಮಕ್ಕೆ ಹರಿಯುವ ನೇತ್ರಾವತಿಯ ಮೇಲ್ದಂಡೆಯ ಹಳ್ಳಗಳಿಂದ 24.01 ಟಿಎಂಸಿ ಎತ್ತುವ ಎತ್ತಿನಹೊಳೆ ಯೋಜನೆ ಇರುವುದು ನಮ್ಮ ಜಿಲ್ಲೆಗಳಿಗಾಗಿಯೇ.

ಬೋಟಿನವರ ಜೊತೆ ದುಡ್ಡಿನ ಮಾತು ಹೇಗೆ ಆಡುತ್ತೀರಿ ಅನ್ನುವುದರ ಮೇಲೆ ಡಾಲ್ಫಿನ್ ಹೇಗೆ ಕಾಣುತ್ತದೆ ಅನ್ನುವುದು ನಿಂತಿದೆ. ‘ಡಾಲ್ಫಿನ್ ತೋರಿಸಿದರೆ ಮಾತ್ರ ಕಾಸು’ ಅನ್ನುವ ಚೌಕಾಸಿ ಜಾಣತನದ್ದು ಅಂತ ನಮ್ಮವರ ಎಣಿಕೆ. ಹಾಗೆ ಒಪ್ಪಿಕೊಂಡ ಬೋಟಿನವರಿಗೆ ಒಂದು ರೆಕ್ಕೆ ಕಂಡ ತಕ್ಷಣ ಎಂಜಿನ್ ಏರಿಸಿ ಅಟ್ಟಿಸಿಕೊಂಡು ಹೋಗದೆ ಬೇರೆ ದಾರಿಯೇ ಇಲ್ಲ. ಡಾಲ್ಫಿನ್ ಶಬ್ದ ಹೊರಡಿಸಿ, ಅದರ ಮಾರ್ದನಿಯಿಂದ ಮೀನನ್ನು ಹುಡುಕುವ ಪ್ರಾಣಿ. ಎಂಜಿನ್ ಗದ್ದಲ ಅದನ್ನು ಮುಚ್ಚಿಹಾಕುತ್ತದೆ. ಅಟ್ಟಿಸಿದರೆ ಅವು ಹೆಚ್ಚು ಹೊತ್ತು ಮುಳುಗುತ್ತವೆ, ದಿಕ್ಕು ಬದಲಿಸುತ್ತವೆ, ತಾಯಿಯಿಂದ ಮರಿ ಬೇರೆಯಾಗುತ್ತದೆ. ನಿಮಗೆ ಸಿಗುವುದು ಬಾಲದ ಒಂದು ನೋಟ ಅಷ್ಟೇ. ಗಂಟೆಯ ಲೆಕ್ಕಕ್ಕೆ ಮಾತಾಡಿ, ಕಂಡರೂ ಕಾಣದಿದ್ದರೂ ಅಷ್ಟೇ ಅಂತ ಮೊದಲೇ ಹೇಳಿ. ಆಮೇಲೆ ‘ಅಣ್ಣ, ದೂರದಲ್ಲೇ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಕಾಯೋಣ’ ಅಂದರೆ ಅವರಿಗೂ ಖುಷಿ, ಇಂಧನವೂ ಉಳಿಯುತ್ತದೆ. ಐವತ್ತು ಮೀಟರಿಗಿಂತ ಹತ್ತಿರ ಹೋಗಬಾರದು. ಎದುರಿನಿಂದ ನುಗ್ಗಬಾರದು, ಹಿಂದಿನಿಂದ ಬೆನ್ನಟ್ಟಲೂಬಾರದು. ಅವು ಹೋಗುತ್ತಿರುವ ದಿಕ್ಕಿಗೆ ಸಮನಾಗಿ ಪಕ್ಕದಲ್ಲಿ ನಿಧಾನವಾಗಿ ಸಾಗಬೇಕು. ಎರಡು ಬೋಟು ಆಗಲೇ ಇದ್ದರೆ ಮೂರನೆಯದಾಗಿ ಹೋಗಬೇಡಿ.

ನೋಡುವುದಕ್ಕೂ ಒಂದು ಕ್ರಮ ಇದೆ. ನದಿಯ ಕಂದು ನೀರು ಕಡಲ ಹಸಿರು ನೀರಿಗೆ ಸೇರುವಲ್ಲಿ ಒಂದು ಗೆರೆ ಕಾಣುತ್ತದೆ, ಕಸಕಡ್ಡಿ ನೊರೆ ಅದರ ಮೇಲೆ ಸಾಲಾಗಿ ತೇಲುತ್ತಿರುತ್ತದೆ. ಮೀನು ಅಲ್ಲಿ ಸೇರುತ್ತದೆ. ರೀವಹಕ್ಕಿಗಳು (ಟರ್ನ್) ಒಂದೇ ಜಾಗದಲ್ಲಿ ಮತ್ತೆ ಮತ್ತೆ ನೀರಿಗೆ ಧುಮುಕುತ್ತಿದ್ದರೆ ಕೆಳಗೆ ಮೀನಿನ ಹಿಂಡಿದೆ ಅಂತ ಅರ್ಥ. ಇಂಥ ಕಡೆ ಎಂಜಿನ್ ತಗ್ಗಿಸಿ ಬರಿಗಣ್ಣಿನಲ್ಲೇ ಅಗಲವಾಗಿ ನೋಡಬೇಕು. ಗೂನುಬೆನ್ನಿನವು ಸ್ವಲ್ಪ ಸ್ವಲ್ಪ ಹೊತ್ತಿಗೆ ಕೆಲವು ಸಲ ಉಸಿರಿಗೆ ಮೇಲೆ ಬಂದು, ಆಮೇಲೆ ಕೆಲವು ನಿಮಿಷ ಮುಳುಗುತ್ತವೆ. ಮೊದಲ ಉಸಿರು ಕಂಡಾಗ ಎಲ್ಲರೂ ಫೋನು ಹುಡುಕುತ್ತಾರೆ, ತೆರೆಯುವಷ್ಟರಲ್ಲಿ ಕೊನೆಯದೂ ಮುಗಿದಿರುತ್ತದೆ. ಮೊದಲ ಸುತ್ತು ಕಣ್ಣಿಗೆ ಬಿಟ್ಟು, ಯಾವ ದಿಕ್ಕಿಗೆ ಹೋಗುತ್ತಿವೆ ನೋಡಿಕೊಂಡು, ಎರಡನೆಯ ಸುತ್ತಿಗೆ ಆ ದಿಕ್ಕಿನ ನೀರಿಗೆ ಕ್ಯಾಮೆರಾ ಹಿಡಿದಿರಬೇಕು. ಶಟರ್ ವೇಗ ಸೆಕೆಂಡಿನ 1/1000ಕ್ಕಿಂತ ನಿಧಾನವಾಗಿದ್ದರೆ ಚಿತ್ರ ಕಲಸಿಹೋಗುತ್ತದೆ. ಫೋನಿನಲ್ಲಾದರೆ ಜೂಮ್ ಮಾಡದೆ ವಿಡಿಯೋ ತೆಗೆಯುವುದು ಲೇಸು. ಉಪ್ಪುನೀರಿನ ಹನಿ ಬಿದ್ದ ಲೆನ್ಸನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಉಪ್ಪಿನ ಹರಳು ಗೀರುತ್ತದೆ. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒರೆಸಬೇಕು.

ಬೈನಾಕ್ಯುಲರ್ ಒಯ್ಯುವವರು 10 ಪಟ್ಟಿನದನ್ನು ಮನೆಯಲ್ಲೇ ಬಿಡಿ. ಅದು ಬೋಟಿನ ಅಲುಗಾಟವನ್ನೂ ಹತ್ತು ಪಟ್ಟು ದೊಡ್ಡದು ಮಾಡುತ್ತದೆ. 7x50 ಅಥವಾ 8x42 ಸಾಕು. ಬಳಸುವ ಅಭ್ಯಾಸ ಊರಿನ ಕಡೆಯೇ ಆಗಲಿ: ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ ಓಡುವ ಕೃಷ್ಣಮೃಗಗಳು ಅದಕ್ಕೆ ಚೆನ್ನಾಗಿವೆ. ಬರಿಗಣ್ಣಿನಲ್ಲಿ ಗುರುತಿಸಿದ ಜಾಗದಿಂದ ನೋಟ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತರುವುದು ಅಲ್ಲಿ ರೂಢಿಯಾದರೆ ಅಲೆಯ ಮೇಲೂ ಕೈಗೂಡುತ್ತದೆ. ಕೆರೆಗಳ ಮೇಲೆ ಸುತ್ತುವ ಗರುಡ ಕಾರವಾರದಲ್ಲೂ ಸಿಗುತ್ತದೆ. ಅದಕ್ಕಿಂತ ದೊಡ್ಡದಾಗಿ, ಬಿಳಿ ತಲೆ, ಬಿಳಿ ಹೊಟ್ಟೆ, ಬೂದು ರೆಕ್ಕೆಯದ್ದು ಕಂಡರೆ ಬಿಳಿಹೊಟ್ಟೆಯ ಕಡಲ ಹದ್ದು. ದ್ವೀಪದ ಎತ್ತರದ ಮರದಲ್ಲಿ ಒಂದೇ ಗೂಡನ್ನು ವರ್ಷ ವರ್ಷ ರಿಪೇರಿ ಮಾಡಿಕೊಂಡು ಇರುವ ಈ ಹಕ್ಕಿ ಮೀನಿನ ಜೊತೆ ಕಡಲ ಹಾವನ್ನೂ ಎತ್ತಿಕೊಂಡು ಹೋಗುತ್ತದೆ.

ಅಜ್ಜಿ ತಾತ, ಪುಟ್ಟ ಮಕ್ಕಳು ಜೊತೆಗಿದ್ದರೆ ಕಡಲಿನ ಆಸೆ ಬಿಟ್ಟು ಹೊನ್ನಾವರದ ಶರಾವತಿ ಹಿನ್ನೀರಿಗೆ ಹೋಗಿ. ಅಲೆ ಇಲ್ಲ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಬೋಟು. ಉಬ್ಬರ ತುಂಬಿದಾಗ ಕಿರಿದಾದ ಕಾಲುವೆಗಳ ಒಳಗೂ ಹೋಗಬಹುದು; ಇಳಿತದಲ್ಲಿ ಬೋಟು ಹೊರಗೇ ನಿಲ್ಲುತ್ತದೆ, ಬದಲಿಗೆ ಕೆಸರಿನ ಮೇಲೆ ಏಡಿ, ಕುಪ್ಪಳಿಸುವ ಕೆಸರುಮೀನು, ಉಲ್ಲಂಕಿ ಹಕ್ಕಿಗಳು ಕಾಣುತ್ತವೆ. ಮೇಲೆ ಗೇರುಸೊಪ್ಪೆಯಲ್ಲಿ ವಿದ್ಯುತ್ತಿಗಾಗಿ ಬಿಡುವ ನೀರಿನಿಂದಲೂ ಇಲ್ಲಿನ ಹರಿವು ಬದಲಾಗುತ್ತದೆ. ಮಲ್ಪೆಯಿಂದ ಹೋಗುವ ಸೇಂಟ್ ಮೇರೀಸ್ ದ್ವೀಪ ಪ್ರಾಣಿಗಿಂತ ಬಂಡೆಗಾಗಿ ನೋಡುವ ಜಾಗ. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ ತಣಿದು ನಿಂತ ಆರು ಮೂಲೆಯ ಕಂಬಗಳು. ಆ ಕಂಬಗಳ ಒದ್ದೆ ಅಂಚು ಬಹಳ ಜಾರುತ್ತದೆ. ಮುರುಡೇಶ್ವರದಿಂದ 19 ಕಿ.ಮೀ. ದೂರದ ನೇತ್ರಾಣಿ ಸ್ಕೂಬಾ ಮಾಡುವವರಿಗೆ. ನೀರು ತಿಳಿಯಾಗಿರುವುದು ಮಳೆಗಾಲ ಕಳೆದು ಕೆಸರು ಕೂತ ಮೇಲೆ.

ಇಷ್ಟೆಲ್ಲ ಲೆಕ್ಕ ಹಾಕಿ ಹೋದರೂ ಬೆಳಿಗ್ಗೆ ಬೋಟಿನವರು ‘ಇವತ್ತು ಬಿಡಲ್ಲ’ ಅನ್ನಬಹುದು. ಇನ್ನೂರು ಮುನ್ನೂರು ಜಾಸ್ತಿ ಕೊಡುತ್ತೇವೆ ಅಂತ ಒತ್ತಾಯಿಸಬೇಡಿ. ಇಲ್ಲ ಅಂದವರನ್ನು ಬಿಟ್ಟು ಹೂಂ ಅನ್ನುವ ಇನ್ನೊಬ್ಬರನ್ನು ಹುಡುಕುವುದು ಅದಕ್ಕಿಂತ ಕೆಟ್ಟದ್ದು. ಅಂಥ ದಿನಕ್ಕೆ ಕಾಳಿ ನದಿಯ ದಂಡೆ ಇದೆ, ಇಳಿತದ ಹೊತ್ತಿಗೆ ಹೋದರೆ ಚಳಿಗಾಲದ ವಲಸೆ ಹಕ್ಕಿಗಳು ಸಿಗುತ್ತವೆ. ಅದೃಷ್ಟ ಇದ್ದರೆ ನೀರುನಾಯಿಯೂ. ಮುಂಗಡ ಕಳಿಸುವಾಗಲೇ ಒಂದು ಮಾತು ಕೇಳಿ ಬರೆಸಿಕೊಳ್ಳಿ: ಹವೆ ಕೆಟ್ಟು ಬೋಟು ನಿಂತರೆ ದುಡ್ಡು ವಾಪಸ್ಸೋ, ಮಾರನೇ ದಿನದ ಟ್ರಿಪ್ಪೋ. ಮಾರನೇ ದಿನ ಅಂದರೆ ಉಬ್ಬರ 50 ನಿಮಿಷ ತಡ, ಹೊರಡುವ ಹೊತ್ತನ್ನೂ ಅದಕ್ಕೆ ತಕ್ಕಂತೆ ಮತ್ತೆ ಕೇಳಿಕೊಳ್ಳಬೇಕು.